ಕಾಗದದ ದಪ್ಪ

ಪುಣೆಯಲ್ಲಿರುವ ನಮ್ಮಂಥವರಿಗೆ ಕೊಂಢವಾ ಅಂದರೆ ಫ್ಲ್ಯಾಟುಗಳು, ಟ್ರಾಫಿಕ್ಕು, ನೀರಿನ ಟ್ಯಾಂಕರು. ಆದರೆ ಕೊಂಢವಾ ಬುದ್ರುಕ್ ದಾಟಿ ಪಿಸೋಳಿ, ಯೇವಲೇವಾಡಿ ಕಡೆ ಹೋದರೆ ತಗಡಿನ ಶೆಡ್ಡುಗಳು ಕಾಣುತ್ತವೆ. ಒಂದರಲ್ಲಿ ಫರ್ನಿಚರ್, ಇನ್ನೊಂದರಲ್ಲಿ ಗ್ರಿಲ್ ವೆಲ್ಡಿಂಗ್, ಮತ್ತೊಂದರಲ್ಲಿ ಎರಡೋ ಮೂರೋ ಸಿಎನ್‌ಸಿ ಮಷಿನ್. ಅಂಥ ಒಂದು ಶೆಡ್ಡಿನಲ್ಲಿ ವಿಎಂಸಿ ಆಪರೇಟರ್ ಆಗಿರುವ ಇಂಡಿ ತಾಲೂಕಿನ ಹುಡುಗನೊಬ್ಬ ನನಗೆ ಪರಿಚಯವಾದದ್ದು ಜೋಳದ ರೊಟ್ಟಿ ಸಿಗುವ ಖಾನಾವಳಿಯಲ್ಲಿ. ಪಲ್ಯ ಬಡಿಸುವವರಿಗೆ ನಾನು ‘ಸಾಕು’ ಅಂದದ್ದು ಕೇಳಿ, ‘ನೀವೂ ನಮ್ಮ ಕಡೇವ್ರೇನ್ರಿ?’ ಅಂದಿದ್ದ. ನಾನು ದಾವಣಗೆರೆಯವನು. ಪುಣೆಯಲ್ಲಿ ಕೂತರೆ ಅದೂ ‘ನಮ್ಮ ಕಡೆ’ಯೇ.

ಆರು ವರ್ಷದಿಂದ ಅವನ ಕೆಲಸ ಒಂದೇ. ಜಾಬ್ ಕಟ್ಟುವುದು, ಬಾಗಿಲು ಎಳೆಯುವುದು, ಹಸಿರು ಗುಂಡಿ ಒತ್ತುವುದು, ಬುರಾದೆ ಒರೆಸಿ ಜಾಬ್ ತೆಗೆಯುವುದು. ಪ್ರೋಗ್ರಾಂ ಹಾಕುವುದು, ಟೂಲಿನ ಆಫ್‌ಸೆಟ್ ತುಂಬುವುದು ಸೆಟ್ಟರ್‌ನ ಕೆಲಸ. ಕಂಟ್ರೋಲಿನಲ್ಲಿ ಪ್ರೋಗ್ರಾಂ ತಿದ್ದದಂತೆ ತಡೆಯುವ ಒಂದು ಸಣ್ಣ ಕೀಲಿ ಇರುತ್ತದೆ. ಅದು ಸೆಟ್ಟರ್‌ನ ಜೇಬಿನಲ್ಲೇ ಇರುತ್ತಿತ್ತು. ಆ ಸೆಟ್ಟರ್ ಚಾಕಣಕ್ಕೆ ಹೋದ ಮೇಲೆ ಮಾಲೀಕರು ಹುಡುಗನಿಗೆ ಹೇಳಿದ್ದು ಇಷ್ಟು: ತಿಂಗಳೊಳಗೆ ಕಲಿತರೆ ನೀನು, ಇಲ್ಲದಿದ್ದರೆ ಹೊರಗಿನಿಂದ ಒಬ್ಬನನ್ನು ತರುತ್ತೇನೆ. ಇವನಿಗೆ ಬರುತ್ತಿದ್ದದ್ದು 17 ಸಾವಿರ, ಸೆಟ್ಟರ್‌ಗೆ 26. ಊರಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು.

ಅವನದು ಟರ್ನರ್ ಟ್ರೇಡಿನ ಐಟಿಐ, ಪಾಠ ಕೇಳಿದ್ದು ಕನ್ನಡದಲ್ಲಿ. ಮಷಿನ್ನಿನ ಮ್ಯಾನುವಲ್ ಇಂಗ್ಲಿಷಿನದು, ಶೆಡ್ಡಿನ ಮಾತು ಮರಾಠಿ, ಹಿಂದಿ. ನಾನು ಪ್ರೊಡಕ್ಷನ್ ವಿಷಯದಲ್ಲಿ ಎಂಟೆಕ್ ಮಾಡಿ ಆಮೇಲೆ ಐಟಿಗೆ ಬಂದವನು ಎಂದು ತಿಳಿದ ದಿನವೇ ಕೇಳಿದ: ‘ಸರ, ಐತವಾರ ಎರಡು ತಾಸು ಹೇಳ್ಕೊಡ್ತೀರೇನ್ರಿ?’

ಅವನು ಮಾಡಿ ತೋರಿಸಬೇಕಾಗಿದ್ದದ್ದು ಪಂಪಿನ ಅಲ್ಯೂಮಿನಿಯಂ ಮುಚ್ಚಳ. ಲೇತಿನಲ್ಲಿ ಮುಖ ತೆಗೆದು ಬಂದಿರುತ್ತದೆ. ಇವನು ಬೋಲ್ಟ್ ತೂತುಗಳನ್ನು ಕೊರೆದು, ಓ-ರಿಂಗ್ ಕೂರುವ ದುಂಡನೆಯ ಗ್ರೂವ್ ತೆಗೆಯಬೇಕು. ರಬ್ಬರ್ ರಿಂಗಿನ ದಪ್ಪ 3 ಮಿ.ಮೀ. ಗ್ರೂವಿನ ಅಗಲ 4, ಆಳ 2.3, ನಡುರೇಖೆಯ ತ್ರಿಜ್ಯ 30. ಮುಚ್ಚಳ ಬಿಗಿದಾಗ ರಿಂಗ್ 0.7 ಮಿ.ಮೀ ಅಮುಕಿಕೊಳ್ಳಬೇಕು. ಆ ಅಮುಕುವಿಕೆಯೇ ನೀರನ್ನು ತಡೆಯುವುದು. ಆಳ ಹೆಚ್ಚಾದರೆ ರಿಂಗ್ ಸಡಿಲವಾಗಿ ನೀರು ಜಿನುಗುತ್ತದೆ, ಕಡಿಮೆಯಾದರೆ ರಿಂಗ್ ಜಜ್ಜಿಹೋಗುತ್ತದೆ.

ಮೊದಲ ಐತವಾರ ವೃತ್ತ. ಸ್ಟೀಲ್ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು, ಅದರ ಬಲ ಅಂಚಿಗೆ ಬೆರಳಿಡಲು ಹೇಳಿದೆ. ‘ಟೂಲ್ ಇಲ್ಲಿಂದ ಹೊರಟು ಒಂದು ಸುತ್ತು ಹಾಕಿ ಇಲ್ಲಿಗೇ ಬರಬೇಕು. ಮಷಿನ್ನಿಗೆ ಏನು ಹೇಳ್ತೀಯ?’ ‘ತ್ರಿಜ್ಯ 30 ಅಂತ ಹೇಳ್ತೀನ್ರಿ’ ಅಂದ. ಬೆರಳು ಅಲ್ಲೇ ಇರಲಿ ಎಂದು, ತಟ್ಟೆಯ ಅಂಚು ಬೆರಳಿಗೆ ತಾಗಿರುವಂತೆಯೇ ಅದನ್ನು ಮೇಲಕ್ಕೆ, ಕೆಳಕ್ಕೆ, ಬಲಕ್ಕೆ ಸರಿಸಿದೆ. ತಟ್ಟೆ ಅದೇ, ತ್ರಿಜ್ಯ ಅದೇ, ಬೆರಳೂ ಅಲ್ಲೇ. ಆದರೆ ಪ್ರತಿ ಸಲವೂ ಬೇರೆ ವೃತ್ತ. ಹೊರಟ ಬಿಂದುವೂ ಸೇರುವ ಬಿಂದುವೂ ಒಂದೇ ಆದಾಗ ತ್ರಿಜ್ಯ ಮಾತ್ರ ಸಾಲದು, ಕೇಂದ್ರ ಎಲ್ಲಿದೆ ಎಂದು ಹೇಳಬೇಕು. ಅದಕ್ಕೇ ಐ ಮತ್ತು ಜೆ. ನಿಂತ ಜಾಗದಿಂದ ಕೇಂದ್ರ ಎಕ್ಸ್ ದಿಕ್ಕಿನಲ್ಲಿ ಎಷ್ಟು ದೂರ ಎಂಬುದು ಐ, ವೈ ದಿಕ್ಕಿನಲ್ಲಿ ಎಷ್ಟು ಎಂಬುದು ಜೆ. ಬಲ ಅಂಚಿನಿಂದ ಕೇಂದ್ರ ಎಡಕ್ಕೆ 30. ಹಾಗಾಗಿ ಒಂದೇ ಸಾಲು: ಜಿ03 ಐ-30. — ಅಪ್ರದಕ್ಷಿಣವಾಗಿ ಒಂದು ಪೂರ್ತಿ ಸುತ್ತು.

30ರ ಮುಂದಿನ ಬಿಂದುವನ್ನು ಅವನು ಬಿಟ್ಟಿದ್ದ. ಹಲವು ಕಂಟ್ರೋಲ್‌ಗಳಲ್ಲಿ ಬಿಂದುವಿಲ್ಲದ 30 ಅಂದರೆ 30 ಮೈಕ್ರಾನ್. ‘ಒಂದು ಚುಕ್ಕಿಗೆ ಇಷ್ಟ ಕಿಮ್ಮತ್ತ ಐತೇನ್ರಿ?’ ಎಂದು ನಕ್ಕು, ನೋಟ್‌ಬುಕ್ಕಿನಲ್ಲಿ ಆ ಚುಕ್ಕಿಯನ್ನು ಪೆನ್ನಿನಿಂದ ತಿದ್ದಿ ತಿದ್ದಿ ಜೋಳದ ಕಾಳಿನಷ್ಟು ದೊಡ್ಡದು ಮಾಡಿದ. ಟೂಲನ್ನು ನೆಟ್ಟಗೆ 2.3 ಆಳಕ್ಕೆ ಇಳಿಸುವ ಬದಲು ಅದೇ ಸಾಲಿಗೆ ಝಡ್ ಸೇರಿಸಿ ತಿರುಪಿನ ಹಾಗೆ ಮೂರು ಸುತ್ತಿನಲ್ಲಿ ಇಳಿಸುವುದು, ಕೊನೆಗೆ ತಳ ಸಮವಾಗಲು ಅದೇ ಆಳದಲ್ಲಿ ಇನ್ನೊಂದು ಸುತ್ತು ಹಾಕುವುದು. ಇದನ್ನು ಅವನು ನನಗಿಂತ ಬೇಗ ಬರೆದ. ಆರು ವರ್ಷ ಗಾಜಿನ ಆಚೆ ಟೂಲ್ ಓಡುವುದನ್ನು ನೋಡಿದವನು, ಕಂಡದ್ದಕ್ಕೆ ಅಕ್ಷರ ಜೋಡಿಸುವುದಷ್ಟೇ ಬಾಕಿ ಇತ್ತು.

ಮುಂದಿನ ಐತವಾರ ಎತ್ತರದ ಆಫ್‌ಸೆಟ್. ಅವನಿಗೆ ಭಯವಿದ್ದದ್ದು ಇದರದ್ದೇ.

ಪ್ರೋಗ್ರಾಂ ಬರೆಯುವಾಗ ನಾವು ಟೂಲಿಗೆ ಉದ್ದವೇ ಇಲ್ಲವೆಂಬಂತೆ ಬರೆಯುತ್ತೇವೆ. ಝಡ್ ಸೊನ್ನೆ ಅಂದರೆ ಜಾಬಿನ ಮೇಲ್ಮೈ, ಮೈನಸ್ 2.3 ಅಂದರೆ ಅದಕ್ಕಿಂತ ಅಷ್ಟು ಕೆಳಗೆ. ಆದರೆ ಸ್ಪಿಂಡಲಿನಿಂದ ಸೆಂಟರ್ ಡ್ರಿಲ್ ಗಿಡ್ಡವಾಗಿ ಇಳಿದಿರುತ್ತದೆ, ಡ್ರಿಲ್ ಉದ್ದವಾಗಿ, ಗ್ರೂವ್ ತೆಗೆಯುವ 4 ಮಿ.ಮೀ ಎಂಡ್‌ಮಿಲ್ ನಡುವಿನ ಉದ್ದದ್ದು. ಯಾವುದರ ತುದಿ ಎಲ್ಲಿದೆ ಎಂದು ಮಷಿನ್ನಿಗೆ ತಾನಾಗಿ ಗೊತ್ತಿರುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಟೂಲ್ ಪ್ರೀಸೆಟ್ಟರ್ ಇರುತ್ತದೆ. ಈ ಶೆಡ್ಡಿನ ಪದ್ಧತಿ ಕಾಗದದ್ದು. ಟೂಲಿನ ತುದಿಗೂ ಜಾಬಿಗೂ ನಡುವೆ ಕಾಗದದ ತುಂಡನ್ನಿಟ್ಟು ಅತ್ತಿತ್ತ ಆಡಿಸುತ್ತ, ಹ್ಯಾಂಡ್‌ವೀಲ್ ತಿರುಗಿಸಿ ಟೂಲನ್ನು ನಿಧಾನವಾಗಿ ಇಳಿಸುವುದು. ಕಾಗದ ಹಿಡಿದುಕೊಂಡಿತೆಂದು ಬೆರಳಿಗೆ ತಿಳಿದ ಕ್ಷಣ ನಿಲ್ಲಿಸಿ, ಪರದೆಯ ಮೇಲಿನ ಝಡ್ ಸಂಖ್ಯೆ ಓದಿ, ಆ ಟೂಲಿನ ಎಚ್ ನಂಬರಿನ ಎದುರು ತುಂಬುವುದು. ಜಿ43 ಜೊತೆಗೆ ಎಚ್03 ಎಂದು ಬರೆದರೆ, 3ನೇ ಸಾಲಿನ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೋ ಎಂದರ್ಥ.

‘ಹಂಗಾದ್ರ ಕಾಗದದ ದಪ್ಪ ಎಲ್ಲಿ ಹೋತ್ರಿ?’ ಅಂದ. ಯಾರೂ ಹೇಳದೆ ಅವನೇ ಕೇಳಿದ ಪ್ರಶ್ನೆ ಅದು. ಮೈಕ್ರೋಮೀಟರಿನಲ್ಲಿ ಅಳೆದರೆ ಆಫೀಸಿನ ಸಾಮಾನ್ಯ ಎ4 ಹಾಳೆ ಸುಮಾರು 0.1 ಮಿ.ಮೀ. ಪರದೆ ಮೈನಸ್ 342.350 ತೋರಿಸಿದರೆ ನಿಜವಾದ ಮೇಲ್ಮೈ ಇನ್ನೂ 0.1 ಕೆಳಗೆ, ಅಂದರೆ ಮೈನಸ್ 342.450. ಅದನ್ನು ಮರೆತರೆ ಗ್ರೂವ್ 2.2 ಮಾತ್ರ ಆಳವಾಗುತ್ತದೆ.

ಭಯಕ್ಕೆ ಕಾರಣವನ್ನೂ ಲೆಕ್ಕ ಹಾಕಿ ನೋಡಿದೆವು. ಎಚ್01 ಗಿಡ್ಡ ಸೆಂಟರ್ ಡ್ರಿಲ್ಲಿನದು: ಮೈನಸ್ 398.200. ಎಚ್02 ಉದ್ದನೆಯ ಡ್ರಿಲ್ಲಿನದು: ಮೈನಸ್ 301.750. ಎಂಡ್‌ಮಿಲ್ ಸ್ಪಿಂಡಲಿನಲ್ಲಿರುವಾಗ ಎಚ್02 ಎಂದು ಬರೆದರೆ ಟೂಲ್ 40.7 ಮಿ.ಮೀ ಮೇಲೆ ಗಾಳಿಯಲ್ಲಿ ಸುತ್ತುತ್ತದೆ, ನಷ್ಟ ಏನಿಲ್ಲ. ಎಚ್01 ಎಂದು ಬರೆದರೆ? ‘ಮೇಲ್ಮೈಯಿಂದ 50 ಮಿ.ಮೀ ಮೇಲೆ ನಿಲ್ಲು’ ಎಂದು ಹೇಳಿದ ಮೊದಲ ಸಾಲಿನಲ್ಲೇ ಟೂಲ್ ಪೂರ್ತಿ ವೇಗದಲ್ಲಿ ಬಂದು ಜಾಬಿನೊಳಗೆ 5.75 ಮಿ.ಮೀ ಇಳಿದಿರುತ್ತದೆ. ಪ್ರೋಗ್ರಾಂ ಸರಿಯಾಗಿಯೇ ಇದೆ, ಆಫ್‌ಸೆಟ್ ಪುಟವೂ ಸರಿಯಾಗಿದೆ. ತಪ್ಪಿದ್ದು ಒಂದು ಅಂಕಿ. ಟೂಲ್ ಮುರಿದರೆ ಕೆಲವು ನೂರು ರೂಪಾಯಿ, ಸ್ಪಿಂಡಲ್ ಹೋದರೆ ಲಕ್ಷಗಳ ಮಾತು. ಕೀಲಿ ಯಾಕೆ ಜೇಬಿನಲ್ಲಿರುತ್ತಿತ್ತು ಎಂಬುದು ಆಗ ಇಬ್ಬರಿಗೂ ಅರ್ಥವಾಯಿತು. ಆದರೆ ಆರು ವರ್ಷ ಒಬ್ಬನಿಗೆ ಆ ಪುಟ ಏನೆಂದೇ ಹೇಳದಿರಲು ಆ ಕಾರಣ ಸಾಕಾಗುವುದಿಲ್ಲ.

ನಾನು ಓದಿದ ಕಾಲೇಜಿನ ವರ್ಕ್‌ಶಾಪಿನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಇತ್ತು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಈಗಿನ ಸಾಂಗಲಿ ಜಿಲ್ಲೆಗೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. 1941ರಲ್ಲಿ ಅದೇ ಮನೆತನದ ಉದ್ಯಮ ಹರಿಹರಕ್ಕೆ ಬಂತು. ಕಬ್ಬಿಣದ ಕೆಲಸ ನಮ್ಮ ಸೀಮೆಗೂ ಮರಾಠಿ ಸೀಮೆಗೂ ನಡುವೆ ಓಡಾಡುತ್ತಿರುವುದು ಇಂದು ನಿನ್ನೆಯದಲ್ಲ. ಆ ಲೇತಿನಲ್ಲೂ ನಮ್ಮ ಮೇಷ್ಟ್ರು ಟೂಲ್ ತಾಗಿಸಲು ಕಾಗದದ ಚೂರನ್ನೇ ಇಡುತ್ತಿದ್ದರು, ಆದರೆ ಸಂಖ್ಯೆ ಇರುತ್ತಿದ್ದದ್ದು ಹ್ಯಾಂಡಲಿನ ಡಯಲ್ ಮೇಲೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪಂಚ್ ಟೇಪ್ ಓದಿ ನಡೆಯುವ ಮಿಲ್ಲಿಂಗ್ ಮಷಿನ್ ತೋರಿಸಿದರು. ಮರುವರ್ಷ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಯಿತು, 1962ರಲ್ಲಿ ಮಷಿನ್ ಟೂಲ್‌ಗಳಿಗೆಂದೇ ಸಿಎಂಟಿಐ ಸಂಸ್ಥೆ ಬಂತು. ಟೇಪ್ ಹೋಗಿ ಪರದೆ ಬಂದರೂ ಬೆರಳಿನ ಕೆಲಸ ಉಳಿದುಕೊಂಡಿದೆ. ವೃತ್ತವನ್ನು ನಾನು ಮನೆಯಲ್ಲಿ ಕೂತು ಬರೆಯಬಲ್ಲೆ. ಮೈನಸ್ 342.450 ಎಂಬುದನ್ನು ಕೊಂಢವಾದ ಆ ಶೆಡ್ಡಿನಲ್ಲಿ, ಆ ಹೊತ್ತಿನಲ್ಲಿ ಮಷಿನ್ನಿನ ಎದುರು ನಿಂತವನು ಮಾತ್ರ ಕೊಡಬಲ್ಲ.

ಮೂರನೇ ಐತವಾರ ಮಾಲೀಕರು ಕೀಲಿ ಕೊಟ್ಟು ಪಕ್ಕದಲ್ಲೇ ನಿಂತರು. ಹುಡುಗ ಮೂರೂ ಟೂಲ್ ತಾಗಿಸಿದ, ಮೂರು ಸಂಖ್ಯೆಯನ್ನೂ ಗಟ್ಟಿಯಾಗಿ ಕನ್ನಡದಲ್ಲಿ ಓದಿಕೊಳ್ಳುತ್ತ ತುಂಬಿದ. ಮೊದಲು ಸೊನ್ನೆಯನ್ನು 50 ಮಿ.ಮೀ ಮೇಲಕ್ಕೆತ್ತಿ ಒಂದೊಂದೇ ಸಾಲು ಗಾಳಿಯಲ್ಲಿ ಓಡಿಸಿದ. ಆಮೇಲೆ ನಿಜವಾದ ಕಟ್. ಡೆಪ್ತ್ ಗೇಜಿನಲ್ಲಿ ಆಳ 2.26 ಬಂತು, ನಲವತ್ತು ಮೈಕ್ರಾನ್ ಕಡಿಮೆ. ಮಾಲೀಕರು ನನ್ನ ಮುಖ ನೋಡಿದರು, ನಾನು ಮಾತಾಡಲಿಲ್ಲ. ‘ಕಾಗದ ಇನ್ನೂ ಬಿಗಿ ಹಿಡಿಬೇಕಿತ್ರಿ’ ಎಂದು ಅವನೇ ಅಂದು, 3ನೇ ಟೂಲಿನ ವೇರ್ ಕಾಲಮಿನಲ್ಲಿ ಮೈನಸ್ 0.04 ಹಾಕಿ ಮತ್ತೆ ಓಡಿಸಿದ. 2.30.

ಈಗ ಅವನು ಸೆಟ್ಟರ್. ಸಂಬಳ 26 ಅಲ್ಲ, 22 ಸಾವಿರ. ‘ವರ್ಷ ಆಗಲಿ, ನೋಡೋಣ’ ಅಂದಿದ್ದಾರಂತೆ. ಹಸಿರು ಗುಂಡಿಗೆ ಬೀಡ್ ಕಡೆಯ ಹೊಸ ಹುಡುಗ ಬಂದಿದ್ದಾನೆ. ಇವನ ನೋಟ್‌ಬುಕ್ ಕನ್ನಡದಲ್ಲಿದೆ, ಅವನಿಗೆ ಓದಲು ಬರುವುದಿಲ್ಲ. ಹಾಗಾಗಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮರಾಠಿಯಲ್ಲಿ ಹೇಳಿಕೊಡುತ್ತಿದ್ದಾನೆ, ತಟ್ಟೆ ಇಟ್ಟುಕೊಂಡೇ.

ನಮ್ಮಲ್ಲಿ ಮೆಕ್ಯಾನಿಕಲ್ ಓದಿ ಐಟಿಗೆ ಬಂದವರು ಎಷ್ಟೋ ಜನ. ನಮ್ಮ ಫ್ಲ್ಯಾಟುಗಳಿಂದ ಅರ್ಧ ಗಂಟೆಯ ದಾರಿಯಲ್ಲಿ ನಮ್ಮದೇ ಭಾಷೆಯ ಹುಡುಗರು ಗುಂಡಿ ಒತ್ತುತ್ತ ನಿಂತಿದ್ದಾರೆ. ಅವರ ಬೆರಳಿಗೆ ಗೊತ್ತಿರುವುದನ್ನು ನಾವು ಕಲಿಸಲಾರೆವು. ಪರದೆಯ ಮೇಲಿನ ಒಂದು ಪುಟವನ್ನು ಓದಲು ಕಲಿಸಬಹುದು. ಅದಕ್ಕೆ ಬೇಕಾದದ್ದು ಎರಡು ಐತವಾರ.