ಸಿಂಪ್ಸನ್ ಮರಳುಗಾಡಿಗೆ ಹೊರಟ ಗಾಡಿ

ಆಸ್ಟ್ರೇಲಿಯಾದ ಒಡಲಲ್ಲಿರುವ ಸಿಂಪ್ಸನ್ ಮರುಭೂಮಿಯಲ್ಲಿ ಹೆಚ್ಚೂಕಡಿಮೆ ಉತ್ತರ–ದಕ್ಷಿಣವಾಗಿ ಸಾವಿರದ ನೂರರಷ್ಟು ಕೆಂಪು ಮರಳು ದಿಬ್ಬಗಳು ಒಂದರ ಪಕ್ಕ ಒಂದು ಮಲಗಿವೆ. ಪಶ್ಚಿಮದಿಂದ ಪೂರ್ವಕ್ಕೆ ದಾಟಲು ಹೊರಟವರು ಅವನ್ನು ಒಂದೊಂದಾಗಿ ಹತ್ತಿ ಇಳಿಯಲೇಬೇಕು. ಮೌಂಟ್ ಡೇರ್ ಎಂಬ ಒಂಟಿ ಹೋಟೆಲಿನಲ್ಲಿ ಡೀಸೆಲ್ ತುಂಬಿಸಿದರೆ ಮತ್ತೆ ಬಂಕ್ ಕಾಣುವುದು 500 ಕಿಲೋಮೀಟರಿಗೂ ಆಚೆ, ಬರ್ಡ್ಸ್‌ವಿಲ್‌ನಲ್ಲಿ. ನಡುವೆ ಗ್ಯಾರೇಜಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಬೇಸಿಗೆಯ ಉರಿಯಲ್ಲಿ ಯಾರೂ ಸಿಕ್ಕಿಬೀಳದಿರಲೆಂದು ಪ್ರತಿ ವರ್ಷ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮರುಭೂಮಿಗೆ ಪ್ರವೇಶವನ್ನೇ ಮುಚ್ಚುತ್ತಾರೆ.

ನಾವು ಹೊರಟದ್ದು ಅಡಿಲೇಡ್‌ನಿಂದ, ಜುಲೈ ತಿಂಗಳ ಚಳಿಯಲ್ಲಿ, ಎರಡು ಗಾಡಿಗಳಲ್ಲಿ. ನನ್ನದು ಟೊಯೋಟಾ ಪ್ರಾಡೊ, ಹಾಸನದ ಗೆಳೆಯನದು ಹಳೆಯ ಲ್ಯಾಂಡ್ ಕ್ರೂಸರ್. ಸಿದ್ಧತೆಗೆಂದು ನಾನು ಗ್ಯಾರೇಜಿಗೆ ಕಾಲಿಟ್ಟಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಏನೇನು ಹಾಕಿಸಬೇಕೆಂದು ಕೇಳಲಿಲ್ಲ. ಸಾಮಾನು ತುಂಬಿಸಿ, ಟ್ಯಾಂಕ್ ಭರ್ತಿ ಮಾಡಿ, ಮನೆಯವರನ್ನೂ ಕೂರಿಸಿಕೊಂಡು ಹೋಗಿ ತೂಕದ ಚೀಟಿ ತನ್ನಿ, ಆಮೇಲೆ ಮಾತಾಡೋಣ ಎಂದರು. ಅಂದಿನಿಂದ ಯಾರು ಕೇಳಿದರೂ ನಾನು ಕೊಡುವ ಮೊದಲ ಸಲಹೆ ಇದೇ.

ನನ್ನ ಪ್ರಾಡೊಗೆ ಕಾನೂನು ಒಪ್ಪುವ ಒಟ್ಟು ತೂಕ 2,990 ಕೆ.ಜಿ. ಖಾಲಿ ಗಾಡಿಯೇ ಸುಮಾರು 2,300 ತೂಗುತ್ತದೆ. ಉಳಿದ ಏಳುನೂರಕ್ಕೂ ತುಸು ಕಡಿಮೆ ಕಿಲೋದಲ್ಲಿ ಮನುಷ್ಯರು, ನೀರು, ಡೇರೆ, ಅಡುಗೆ ಸಾಮಾನು, ಬಿಡಿಭಾಗ ಎಲ್ಲವೂ ಹಿಡಿಯಬೇಕು. ಅಂಗಡಿಗೆ ಹೋದರೆ ಉಕ್ಕಿನ ಬುಲ್ ಬಾರ್, ವಿಂಚ್, ಡಿಕ್ಕಿಗೆ ಡ್ರಾಯರ್, ಚಾವಣಿಯ ಮೇಲೆ ಮಡಿಸಿಡುವ ಡೇರೆ, ಎಲ್ಲವೂ ಕೈಬೀಸಿ ಕರೆಯುತ್ತವೆ. ಇಷ್ಟನ್ನೂ ಏರಿಸಿದರೆ ಒಂದು ಲೀಟರ್ ನೀರು ತುಂಬುವ ಮೊದಲೇ ಲೆಕ್ಕದ ದೊಡ್ಡ ಪಾಲು ಮುಗಿದಿರುತ್ತದೆ. ಭಾರದ ಗಾಡಿ ಮರಳಲ್ಲಿ ಹೂತುಕೊಳ್ಳುತ್ತದೆ, ಡೀಸೆಲ್ ಕುಡಿಯುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಮರುಭೂಮಿಯಲ್ಲಿ ಕೆಟ್ಟು ನಿಂತ ಗಾಡಿಗಳಲ್ಲಿ ಬಹುಪಾಲಿನ ಮೂಲ ಕಾಯಿಲೆ ಮಿತಿಮೀರಿದ ಹೊರೆಯೇ ಎಂಬುದು ನನ್ನ ದೃಢವಾದ ನಂಬಿಕೆ.

ಹಾಗಾಗಿ ನಾನು ವಿಂಚ್ ಹಾಕಿಸಲಿಲ್ಲ. ದಿಬ್ಬದ ನೆತ್ತಿಯಲ್ಲಿ ಅದರ ಹಗ್ಗ ಕಟ್ಟಲು ಮರ ಸಿಗುವುದಿಲ್ಲ. ಜೊತೆಗೆ ಇನ್ನೊಂದು ಗಾಡಿ, ಹಿಗ್ಗುವ ಎಳೆಹಗ್ಗ, ಚಕ್ರದಡಿ ಕೊಡುವ ಪ್ಲಾಸ್ಟಿಕ್ ಹಲಗೆ, ಎರಡು ಸಲಿಕೆ ಇದ್ದರೆ ಸಾಕು. ಕಂಪನಿಯೇ ಕೊಟ್ಟಿರುವ ಅವಳಿ ಟ್ಯಾಂಕಿನಲ್ಲಿ 150 ಲೀಟರ್ ಹಿಡಿಯುವುದರಿಂದ ದೊಡ್ಡ ಟ್ಯಾಂಕೂ ಬೇಡವೆನಿಸಿತು. ಹೆಚ್ಚುವರಿಯಾಗಿ ಎರಡು ಕ್ಯಾನ್ ಡೀಸೆಲ್ ಇಟ್ಟುಕೊಂಡೆ. ಫ್ರಿಜ್ ಓಡಿಸಲು ಬೇಕಾದ ಎರಡನೇ ಬ್ಯಾಟರಿಗೆ ಲಿಥಿಯಂ ಆರಿಸಿಕೊಂಡೆ. ದುಡ್ಡು ಜಾಸ್ತಿಯಾದರೂ ಅಷ್ಟೇ ಸಾಮರ್ಥ್ಯದ ಸೀಸದ ಬ್ಯಾಟರಿಯ ಅರ್ಧದಷ್ಟೂ ತೂಕವಿಲ್ಲ.

ದುಡ್ಡು ಸುರಿದದ್ದು ಕೆಳಭಾಗಕ್ಕೆ. ಹೊತ್ತ ಭಾರಕ್ಕೆ ತಕ್ಕ ಹಿಂದಿನ ಸ್ಪ್ರಿಂಗು, ದಪ್ಪ ಕೊಳವೆಯ ಶಾಕ್ ಅಬ್ಸಾರ್ಬರು, ಪಕ್ಕದ ಗೋಡೆ ಗಟ್ಟಿಯಿರುವ ಆಲ್ ಟೆರೇನ್ ಟೈರು, ಹಿಂದಿನ ಆಕ್ಸಲಿಗೆ ಡಿಫ್ ಲಾಕ್. ದೂಳು ಕಡಿಮೆ ಇರುವ ಎತ್ತರದಿಂದ ಗಾಳಿ ಎಳೆದುಕೊಳ್ಳಲು ಸ್ನಾರ್ಕೆಲ್. ಡೀಸೆಲ್‌ನಲ್ಲಿ ನೀರು, ಕಸ ಸೇರಿದ್ದರೆ ಇಂಜೆಕ್ಟರಿಗೆ ಹೋಗುವ ಮೊದಲೇ ತಡೆಯಲು ಇನ್ನೊಂದು ಫಿಲ್ಟರ್. ಇವು ಯಾವುವೂ ಫೋಟೋದಲ್ಲಿ ಎದ್ದು ಕಾಣುವಂಥವಲ್ಲ.

ಮಾರಿಯವರೆಗೆ ಡಾಂಬರು ದಾರಿ, ಸುಮಾರು 700 ಕಿಲೋಮೀಟರು. ಅಲ್ಲಿ ಒಂಟೆ ಕಾಯುವವರು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿಕೊಂಡ ಪುಟ್ಟ ಮಣ್ಣಿನ ಮಸೀದಿಯ ಮಾದರಿಯೊಂದಿದೆ. ಇಲ್ಲಿನವರು ಅವರನ್ನೆಲ್ಲ ‘ಅಫ್ಘಾನರು’ ಎಂದು ಕರೆದರೂ ಬಲೂಚಿಸ್ತಾನ, ಸಿಂಧ್, ಪಂಜಾಬಿನಿಂದ ಬಂದವರೂ ಅವರಲ್ಲಿದ್ದರು. ಈ ಒಳನಾಡಿಗೆ ಹಿಟ್ಟು, ತಂತಿ, ರೈಲಿನ ಕಂಬಿ ಹೊತ್ತು ತಂದದ್ದು ಅವರ ಒಂಟೆಗಳು. ನಾವಿಬ್ಬರೂ ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆವು.

ಮಾರಿ ದಾಟಿದರೆ ಊಡ್ನಡಾಟಾ ಟ್ರ್ಯಾಕ್. ಮರಳಿಗಿಂತ ಗಾಡಿಯನ್ನು ಹೆಚ್ಚು ಸವೆಸುವುದು ಈ ಜಲ್ಲಿ ದಾರಿ. ಮೇಲ್ಮೈಯೆಲ್ಲ ಅಡ್ಡಡ್ಡ ಅಲೆ ಎದ್ದಿರುತ್ತದೆ. ಆ ನಡುಕಕ್ಕೆ ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಕಾದು ತೆಳುವಾಗಿ ಹಿಡಿತ ಬಿಡುತ್ತದೆ. ಅದಕ್ಕೇ ಆಗಾಗ ನಿಲ್ಲಿಸಿ, ಅಂಗೈಯನ್ನು ಹತ್ತಿರ ಹಿಡಿದು ನಾಲ್ಕರ ಕಾವನ್ನೂ ಹೋಲಿಸಿ ನೋಡುವುದು. ಉಳಿದವು ಬಿಸಿಯಾಗಿ ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ನಿಲ್ಲಿಸಿದೆ ಎಂದರ್ಥ. ಸಂಜೆ ಬಿಡಾರ ಹೂಡಿದ ಮೇಲೆ ಚಹಾಕ್ಕಿಂತ ಮೊದಲು ಸ್ಪ್ಯಾನರ್ ಹಿಡಿದು ಒಂದು ಸುತ್ತು: ವೀಲ್ ನಟ್, ಬ್ಯಾಟರಿ ಟರ್ಮಿನಲ್, ರ‍್ಯಾಕ್ ಬೋಲ್ಟ್, ಶಾಕ್ ಅಬ್ಸಾರ್ಬರಿನ ಬುಷ್. ವಿಲಿಯಂ ಕ್ರೀಕ್‌ನ ಬಿಡಾರದಲ್ಲಿ ಗೆಳೆಯ ಬಾನೆಟ್ ಎತ್ತಿದವನೇ ಕೂಗಿದ:

“ಲೇ, ಬಾರೋ ಇಲ್ಲಿ! ಬ್ಯಾಟರಿ ಕುಣೀತಾ ಇದೆ ಕಣೋ.”

ಬ್ಯಾಟರಿ ಕೂರಿಸಿದ್ದ ಕಬ್ಬಿಣದ ತಟ್ಟೆಯ ಬೆಸುಗೆ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಇನ್ನರ್ಧ ದಿನ ಹಾಗೇ ಓಡಿಸಿದ್ದರೆ ಕೇಬಲ್ ಸವೆದು, ಬಾಡಿಗೆ ತಾಗಿ ಕಿಡಿ ಹಾರುತ್ತಿತ್ತು. ಹಳೆಯ ಟ್ಯೂಬಿನ ತುಂಡು ಅಡಿಗಿಟ್ಟು, ಸರಕು ಬಿಗಿಯುವ ಪಟ್ಟಿಯಿಂದ ಸುತ್ತಿ ಕಟ್ಟಿದೆವು. ಆ ಕಟ್ಟು ಮನೆ ಮುಟ್ಟುವವರೆಗೂ ಸಡಿಲಾಗಲಿಲ್ಲ.

ಮೌಂಟ್ ಡೇರ್‌ನಲ್ಲಿ ಡೀಸೆಲ್ ತುಂಬಿಸಿಕೊಂಡು ಡಾಲ್ಹೌಸಿ ಬುಗ್ಗೆಗಳಿಗೆ ಇಳಿದೆವು. ನೆಲದಾಳದಿಂದ ಉಕ್ಕಿ ಬರುವ ನೀರು ಹದವಾಗಿ ಬೆಚ್ಚಗಿತ್ತು, ಮೈಗೆ ಮೆತ್ತಿದ ದೂಳೆಲ್ಲ ಅಲ್ಲೇ ಕಳಚಿತು. ಮರುದಿನ ಬೆಳಿಗ್ಗೆ ಬಾನೆಟ್ಟಿನ ಮುಂದೆ ಉದ್ದನೆಯ ಕೋಲಿಗೆ ಕಿತ್ತಳೆ ಬಣ್ಣದ ಬಾವುಟ ಸಿಕ್ಕಿಸಿದೆವು. ನೆಲದಿಂದ ಅದರ ತುದಿ ಮೂರೂವರೆ ಮೀಟರ್ ಎತ್ತರ ಇರಲೇಬೇಕು. ದಿಬ್ಬದ ಆಚೆಯಿಂದ ಬರುವವನಿಗೆ ಗಾಡಿಗಿಂತ ಮೊದಲು ಬಾವುಟ ಕಾಣುತ್ತದೆ. ರೇಡಿಯೊದ ಹತ್ತನೇ ಚಾನೆಲ್‌ನಲ್ಲಿ ನಾವೆಲ್ಲಿದ್ದೇವೆಂದು ಹೇಳುತ್ತಾ ಸಾಗುವುದೂ ಇಲ್ಲಿನ ರೂಢಿ.

ದಿಬ್ಬ ಹತ್ತಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಟೈರಿನ ಗಾಳಿ. ಡಾಂಬರಿನ ಮೇಲೆ 38 ಪಿಎಸ್‌ಐ ಇದ್ದದ್ದನ್ನು ಜಲ್ಲಿಯಲ್ಲಿ 28ಕ್ಕೆ, ಇಲ್ಲಿ 16ಕ್ಕೆ ಇಳಿಸಿದೆವು. ಗಾಳಿ ಇಳಿದ ಟೈರು ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ನೆಲ ಹಿಡಿಯುತ್ತದೆ. ಭಾರ ಹರಡಿ ಚಕ್ರ ಮರಳನ್ನು ತೋಡದೆ ಮೇಲೆ ಉರುಳುತ್ತದೆ. ಆದರೆ ಆ ಒತ್ತಡದಲ್ಲಿ ವೇಗ ಕೂಡದು, ಸ್ಟೀರಿಂಗ್ ಗಕ್ಕನೆ ತಿರುಗಿಸಕೂಡದು, ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಗಾಳಿ ಇಳಿಸಲು ಸೋಮಾರಿತನ ಮಾಡಿ ಆಕ್ಸಿಲರೇಟರ್ ತುಳಿದು ನುಗ್ಗುವವರ ಚಕ್ರ ಏರಿನಲ್ಲಿ ಸುತ್ತಿ, ನೆಗೆದು, ಗುಂಡಿ ಕೊರೆಯುತ್ತದೆ. ಹಿಂದೆ ಬಂದವನು ಅದೇ ಗುಂಡಿಯಲ್ಲಿ ಕುಪ್ಪಳಿಸಿ ಇನ್ನಷ್ಟು ಆಳ ಮಾಡುತ್ತಾನೆ. ನಾವು ಹಿಡಿದ ಫ್ರೆಂಚ್ ಲೈನ್ ಎಂಬ ದಾರಿಯ ಎಷ್ಟೋ ಏರುಗಳು ಹೀಗೆ ಹಾಳಾಗಿರುವುದನ್ನು ನೋಡಿ ಸಂಕಟವಾಯಿತು. ಮರಳಲ್ಲಿ ಟೈರಿನ ಗಾಳಿ ಇಳಿಸುವುದು ದಾರಿಗೆ ನಾವು ತೋರಬೇಕಾದ ಮರ್ಯಾದೆ.

ಈ ಫ್ರೆಂಚ್ ಲೈನ್ 1963ರಲ್ಲಿ ಫ್ರಾನ್ಸಿನ ತೈಲ ಕಂಪನಿಯೊಂದು ಎಣ್ಣೆ ಹುಡುಕಲು ಕೊರೆದ ದಾರಿ. ಅದಕ್ಕೂ ಒಂದು ವರ್ಷ ಮೊದಲು, 1962ರಲ್ಲಿ, ಭೂವಿಜ್ಞಾನಿ ರೆಗ್ ಸ್ಪ್ರಿಗ್ ಹೆಂಡತಿ ಗ್ರಿಸೆಲ್ಡಾ ಮತ್ತು ಇಬ್ಬರು ಮಕ್ಕಳೊಂದಿಗೆ ನಿಸಾನ್ ಪ್ಯಾಟ್ರೋಲ್ ಗಾಡಿಯಲ್ಲಿ ಈ ಮರುಭೂಮಿ ದಾಟಿದ್ದರು. ಮೋಟಾರು ಗಾಡಿಯಲ್ಲಿ ಇದನ್ನು ದಾಟಿದವರಲ್ಲಿ ಅವರೇ ಮೊದಲಿಗರು. ಅವರೆಲ್ಲರಿಗಿಂತ ಬಹಳ ಹಿಂದಿನಿಂದ ಇಲ್ಲಿ ಬದುಕಿದವರು ವಾಂಗ್ಕಂಗುರು ಜನ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಅವರು ತೋಡಿಕೊಂಡ ಬಾವಿಗಳಿಗೆ ಮಿಕಿರಿ ಎಂದು ಹೆಸರು. ಯಾವ ಬಾವಿ ಎಲ್ಲಿದೆ, ಯಾವ ಕಾಲದಲ್ಲಿ ಅದನ್ನು ನಂಬಬಹುದು ಎಂಬುದೇ ಅವರ ಆಸ್ತಿ. 1886ರಲ್ಲಿ ಡೇವಿಡ್ ಲಿಂಡ್ಸೆ ಒಂಟೆಗಳೊಂದಿಗೆ ಈ ಬಾವಿಗಳನ್ನು ಕಂಡದ್ದು ವಾಂಗ್ಕಂಗುರು ಮಾರ್ಗದರ್ಶಿಯ ಹಿಂದೆ ನಡೆದು. ಆ ಜನರಿಗಿದ್ದ ತಿಳಿವು ನಮಗಿಲ್ಲ. ಅದಕ್ಕೇ ನಾವು ಎಂಬತ್ತು ಲೀಟರ್ ನೀರು ಹೊತ್ತು ತಿರುಗುತ್ತೇವೆ.

ಮೂರನೇ ಮಧ್ಯಾಹ್ನ ಗಾಡಿಯೊಳಗೆ ಸಣ್ಣಗೆ ಸುಟ್ಟ ವಾಸನೆ. ತಕ್ಷಣ ನಿಲ್ಲಿಸಿ ಬೆಂಕಿ ಆರಿಸುವ ಸಿಲಿಂಡರ್ ಕೈಗೆತ್ತಿಕೊಂಡು ಅಡಿಗೆ ಬಗ್ಗಿ ನೋಡಿದೆ. ಈ ನೆಲದ ತುಂಬ ಸ್ಪಿನಿಫೆಕ್ಸ್ ಎಂಬ ಮುಳ್ಳುಮುಳ್ಳು ಹುಲ್ಲು. ಅದರಲ್ಲಿ ರಾಳದ ಅಂಶವಿದೆ. ಮೂಲನಿವಾಸಿಗಳು ಅದನ್ನು ಕಾಯಿಸಿ ಭರ್ಜಿಯ ಮೊನೆ ಅಂಟಿಸುತ್ತಿದ್ದರು. ಅಷ್ಟೇ ಸುಲಭವಾಗಿ ಅದು ಹೊತ್ತಿಕೊಳ್ಳುತ್ತದೆ ಕೂಡ. ಗೇರ್‌ಬಾಕ್ಸಿನ ಅಡಿಯ ರಕ್ಷಣಾ ತಗಡು ಮತ್ತು ಸೈಲೆನ್ಸರ್ ಕೊಳವೆಯ ನಡುವೆ ಅದರ ಕಡ್ಡಿ, ಬೀಜ ಹಕ್ಕಿಗೂಡಿನಂತೆ ಒತ್ತಿಕೊಂಡಿತ್ತು. ಅಂಚು ಆಗಲೇ ಕಂದು ತಿರುಗಿತ್ತು. ಬೆನ್ನಡಿ ತಾಡಪಾಲು ಹಾಸಿ, ತುದಿ ಬಗ್ಗಿಸಿದ ತಂತಿಯಿಂದ ಎಳೆದೆಳೆದು ತೆಗೆದೆ. ಮೊದಲು ಬಂದದ್ದು ಒಣ ಹುಲ್ಲು, ಆಮೇಲೆ ಗೋಧಿತವುಡಿನಷ್ಟು ನುಣುಪಾದ ಪುಡಿ, ಕೊನೆಗೆ ಕೈಗೆ ಅಂಟುವ ಕಪ್ಪು ಉಂಡೆಗಳು. ಗೆಳೆಯ ಮೇಲೆ ನೀರಿನ ಸ್ಪ್ರೇಯರ್ ಹಿಡಿದು ನಿಂತಿದ್ದ.

ಇಂದಿನ ಡೀಸೆಲ್ ಗಾಡಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸೈಲೆನ್ಸರ್ ಸಾಲಿನಲ್ಲಿರುವ ಡಿಪಿಎಫ್ ಎಂಬ ಮಸಿ ಜಾಲರಿ ತಾನು ಹಿಡಿದ ಮಸಿಯನ್ನು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆಗ ಕೊಳವೆ ವಿಪರೀತ ಕಾಯುತ್ತದೆ. ಆ ಹೊತ್ತಿನಲ್ಲಿ ಹುಲ್ಲಿನ ಮೇಲೆ ನಿಲ್ಲಿಸಿದರೆ ಕಥೆ ಮುಗಿಯಿತು. ಅಲ್ಲಿಂದ ಮುಂದೆ ನಿಂತಲ್ಲೆಲ್ಲ ತಂತಿ ಆಡಿಸುವುದು, ರೇಡಿಯೇಟರಿನ ಮುಂದೆ ಕಟ್ಟಿದ ಸೊಳ್ಳೆಪರದೆಯ ಬೀಜ ಕೊಡವುವುದು ನಿತ್ಯವಿಧಿಯಾಯಿತು.

ಮೂರು ಪ್ರಾಂತಗಳ ಗಡಿ ಕೂಡುವ ಪೋಪೆಲ್ ಕಾರ್ನರ್‌ನಲ್ಲಿ ಎಲ್ಲರಂತೆ ಕಂಬದ ಪಕ್ಕ ಫೋಟೋ ತೆಗೆಸಿಕೊಂಡೆವು. ಮುಂದೆ ದಿಬ್ಬಗಳು ಎತ್ತರವಾದರೂ ಅಂತರ ಹೆಚ್ಚಿ ದಾರಿ ಹಗುರಾಯಿತು. ಐರ್ ಕ್ರೀಕ್‌ನಲ್ಲಿ ಬಾನೆಟ್ಟಿಗಿಂತ ಬಹಳ ಕೆಳಗೆ ನೀರಿತ್ತು. ಆದರೂ ಇಳಿಯುವ ಮೊದಲು ಅರ್ಧ ಗಂಟೆ ನಿಲ್ಲಿಸಿದೆವು. ಓಡಿ ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ಬೇರಿಂಗ್ ಹೋದಂತೆ. ಡಿಫರೆನ್ಷಿಯಲ್ ಉಸಿರಾಡುವ ಕೊಳವೆಯನ್ನು ಬಾನೆಟ್ಟಿನೊಳಕ್ಕೆ ಎಳೆಸಿದ್ದೆವು, ನಿಜ. ಕೆಲವು ಡಾಲರಿನ ರಬ್ಬರ್ ಕೊಳವೆ ಅದು. ಈ ಪ್ರಯಾಣಕ್ಕೆ ಮಾಡಿಸಿದ ಕೆಲಸಗಳಲ್ಲಿ ಅತಿ ಅಗ್ಗದ್ದೂ ಅತಿ ಬುದ್ಧಿವಂತಿಕೆಯದೂ ಅದೇ ಎನ್ನುತ್ತೇನೆ.

ಕೊನೆಯ ದೊಡ್ಡ ದಿಬ್ಬ ಬಿಗ್ ರೆಡ್, ಸುಮಾರು 40 ಮೀಟರ್ ಎತ್ತರ. ಗಾಳಿಯನ್ನು 14ಕ್ಕೆ ಇಳಿಸಿ, ಡಿಫ್ ಲಾಕ್ ಹಾಕಿ, ಲೋ ರೇಂಜಿನ ಮೂರನೇ ಗೇರಿನಲ್ಲಿ ಒಂದೇ ಸಮನೆ ಹತ್ತಿದೆ. ನೆತ್ತಿ ಮುಟ್ಟಿದಾಗ ರೇಡಿಯೊದಲ್ಲಿ ಗೆಳೆಯನ ಧ್ವನಿ: “ಇರೋ ಮಾರಾಯ, ನಾನೂ ಬಂದೆ.”

ಬರ್ಡ್ಸ್‌ವಿಲ್‌ನಿಂದ ವಾಪಸು ಬಂದ ವಾರವೇ ಗಾಡಿ ಎತ್ತಿಸಿ ಅಡಿ ತೊಳೆಸಿದೆ, ಡಿಫ್ ಎಣ್ಣೆ, ಏರ್ ಫಿಲ್ಟರ್ ಬದಲಾಯಿಸಿದೆ. ಗೆಳೆಯ ಹೊಸ ಬ್ಯಾಟರಿ ತಟ್ಟೆ ಮಾಡಿಸುತ್ತಿದ್ದಾನೆ, ಈ ಸಲ ನಾಲ್ಕೂ ಮೂಲೆಗೆ ಆಧಾರ ಕೊಟ್ಟು. ಮುಂದಿನ ಚಳಿಗಾಲಕ್ಕೆ ಸುಮಾರು 1,850 ಕಿಲೋಮೀಟರಿನ ಕ್ಯಾನಿಂಗ್ ಸ್ಟಾಕ್ ರೂಟ್ ಮನಸ್ಸಿನಲ್ಲಿದೆ. ನಡುದಾರಿಯ ಕುನಾವರಿಜಿಯಲ್ಲಿ ಮಾತ್ರ ಡೀಸೆಲ್ ಸಿಗುವುದರಿಂದ ಇನ್ನಷ್ಟು ಕ್ಯಾನ್ ಹೊರಬೇಕಾಗುತ್ತದೆ. ಅದಕ್ಕೆ ತೂಕ ಹೊಂದಿಸಲು ಚಾವಣಿಯ ರ‍್ಯಾಕನ್ನು ಬಿಚ್ಚಿ ಇಳಿಸಿದ್ದೇನೆ.