ಮಲ್ಲಿಗೆಯ ಚಿತ್ರ, ನನ್ನ ಸುಳ್ಳು

ಅಲೆವೂರಿನ ಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಮೂರನೆಯ ವಾರ. ಒಂಬತ್ತನೆಯ ತರಗತಿಯವರೊಂದಿಗೆ ಸಿ ಭಾಷೆಯಲ್ಲಿ ಮಲ್ಲಿಗೆ ಲೆಕ್ಕದ ಪ್ರೋಗ್ರಾಂ ಬರೆದಿದ್ದೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರದ ಆ ದಿನದ ದರ ಕೊಟ್ಟರೆ ಮನೆಗೆ ಬರಬೇಕಾದ ಹಣ ಹೇಳುತ್ತದೆ. ಮನೆಯಲ್ಲಿ ಹೂ ಕಟ್ಟುವ ಮಕ್ಕಳಿಗೆ ಈ ಲೆಕ್ಕ ಬಾಯಿಪಾಠ. ಅವರ ತಕರಾರು ಬೇರೆ: "ಟೀಚರ್, ಇದಕ್ಕೊಂದು ಚಿತ್ರವೇ ಇಲ್ಲ!"

ಗ್ರಾಫ್ ಹಾಳೆಯ 32×32 ಚೌಕಗಳಲ್ಲಿ ಮಲ್ಲಿಗೆ ಬಿಡಿಸಿದೆವು. 16×16ಕ್ಕೆ ಇಳಿಸಿದಾಗ ಹೂ ಹೋಗಿ ಸುಣ್ಣದ ಬೊಟ್ಟು ಉಳಿಯಿತು. ಅದನ್ನೇ ಹಾಕಿ ಒಮ್ಮೆ ಕಂಪೈಲ್ ಮಾಡಿದೆವು. ಮರುದಿನ ಎಸಳು ಕಡಿಮೆ ಮಾಡಿ ಸಣ್ಣ ಅಳತೆಗೆ ಬೇರೆಯೇ ಚಿತ್ರ ಬರೆದರು. ಒಂದೇ ಐಕಾನ್ ಕಡತದಲ್ಲಿ ಎರಡೂ ಅಳತೆ ಇಡಬಹುದು. ಜಾಗ ನೋಡಿ ವಿಂಡೋಸ್ ಆರಿಸಿಕೊಳ್ಳುತ್ತದೆ. ಆರ್‌ಸಿ ಕಡತದಲ್ಲಿ ಒಂದೇ ಸಾಲು: ಸಂಖ್ಯೆ, ‘ಐಕಾನ್’ ಎಂಬ ಪದ, ಚಿತ್ರದ ಕಡತದ ಹೆಸರು. ವಿಂಡ್‌ರೆಸ್ ಅದನ್ನು ಆಬ್ಜೆಕ್ಟ್ ಕಡತವಾಗಿಸುತ್ತದೆ, ಜಿಸಿಸಿ ಪ್ರೋಗ್ರಾಂ ಜೊತೆ ಲಿಂಕ್ ಮಾಡುತ್ತದೆ. "ಇನ್ನು ಚಿತ್ರ ಪ್ರೋಗ್ರಾಂನ ಒಳಗೇ ಇದೆ" ಎಂದು ಠೀವಿಯಿಂದ ಹೇಳಿದೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ಕೂತಿದ್ದರು.

ಫೋಲ್ಡರ್ ತೆರೆದರೆ ಅದೇ ಸುಣ್ಣದ ಬೊಟ್ಟು. ಮತ್ತೆ ಕಂಪೈಲ್ ಮಾಡಿದೆ. ಅದೇ ಬೊಟ್ಟು. ಒಬ್ಬಳು ಎದ್ದು ನಿಂತಳು: "ಟೀಚರ್, ಹೊಸ ಚಿತ್ರ ಒಳಗೆ ಹೋಗಿಯೇ ಇಲ್ಲ ಅಲ್ವಾ?"

ಕಣ್ಣಿಗೆ ಕಂಡದ್ದರಿಂದ ಅವಳು ತೆಗೆದ ತೀರ್ಮಾನ ಸರಿಯಾಗಿಯೇ ಇತ್ತು. ನಾನು, "ಈ ಕಂಪ್ಯೂಟರ್ ಹಳೆಯದು, ಕೂತ್ಕೋ" ಎಂದೆ. ವೀಕ್ಷಣಾ ಪುಸ್ತಕದಲ್ಲಿ ‘ತರಗತಿ ನಿಯಂತ್ರಣ ಉತ್ತಮ’ ಎಂದು ಬಂತು. ಓದುವಾಗ ಮುಖ ಬಿಸಿಯಾಯಿತು.

ರಾತ್ರಿ ನನ್ನ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸಿದಾಗಲೂ ಹಾಗೇ ಆಯಿತು. ಪ್ರೋಗ್ರಾಂ ಸರಿಯಾಗಿತ್ತು. ವಿಂಡೋಸ್ ಪ್ರತಿ ಸಲ ಕಡತದೊಳಗೆ ಇಣುಕುವುದಿಲ್ಲ. ಒಮ್ಮೆ ಕಂಡ ಐಕಾನನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡು ಅದನ್ನೇ ತೋರಿಸುತ್ತದೆ. ಕಡತದ ಹೆಸರು ಬದಲಿಸಿದೊಡನೆ ಮಲ್ಲಿಗೆ ಅರಳಿತು.

ಮರುದಿನ ಪಾಠಯೋಜನೆ ಬದಿಗಿಟ್ಟು, "ನಿನ್ನೆ ನನಗೆ ಗೊತ್ತಿರಲಿಲ್ಲ, ಕಂಪ್ಯೂಟರ್ ಮೇಲೆ ಹಾಕಿದೆ" ಎಂದೆ. ತರಗತಿ ಒಂದು ಕ್ಷಣ ಮೌನವಾಯಿತು, ಆಮೇಲೆ ಯಾರೋ ಕಿಸಕ್ಕೆಂದರು. ಹೆಸರು ಬದಲಿಸಿ ತೋರಿಸಿದೆ. ನಿನ್ನೆಯ ಹುಡುಗಿಗೆ ಅಷ್ಟು ಸಾಲದು. "ಒಳಗೇ ಇದೆ ಅಂತಾದ್ರೆ ಹೊರಗಿನ ಚಿತ್ರ ಯಾಕೆ ಬೇಕು?" ಎನ್ನುತ್ತಾ ಬಂದು, ನಾನು ತಡೆಯುವ ಮೊದಲೇ ಐಕಾನ್ ಕಡತ ಅಳಿಸಿದಳು. ಪ್ರೋಗ್ರಾಂ ಅನ್ನು ಪೆನ್‌ಡ್ರೈವಿನಲ್ಲಿ ಪಕ್ಕದ ಕಂಪ್ಯೂಟರಿಗೆ ಒಯ್ದಳು. ಅಲ್ಲೂ ಮಲ್ಲಿಗೆ ಕಂಡ ಮೇಲೆಯೇ ಹೋಗಿ ಕೂತಳು.