ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ

ಕೊಪ್ಪಳ, 16 ಜೂನ್ 2024, ಭಾನುವಾರ. ಮಿರಗದ ಮಳೆ

ಡೀಸೆಲ್ ಬೆಲೆ ಒಂದೇ ಏಟಿಗೆ ಮೂರು ರೂಪಾಯಿಗೂ ಮೇಲೆ ಹೋಗಿದೆ. ರಾಜ್ಯದ ಮಾರಾಟ ತೆರಿಗೆ ಶೇ 14.34 ಇದ್ದದ್ದು ನಿನ್ನೆಯಿಂದ 18.44. ಜೀಪಿನ ಟ್ಯಾಂಕು ಕುತ್ತಿಗೆವರೆಗೆ ತುಂಬಿಸಿದೆ: 39 ಲೀಟರ್. ಹೋದ ಸಲ ತುಂಬಿಸಿದ ಮೇಲೆ ಮೀಟರಿನಲ್ಲಿ ಓಡಿದ್ದು 312 ಕಿಲೋಮೀಟರ್. ಲೀಟರಿಗೆ ಎಂಟು.

ತಮ್ಮ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು ತೆಗೆದ. "ಅಕ್ಕಾ, ಎಂಟು ಆವರೇಜ್ ಕೊಡೋ ಗಾಡಿ ಇಟಗೊಂಡು ಬೀಜದ ಕೆಲಸ ಮಾಡಾಕ ಆಗೂದಿಲ್ಲ. ದೀಪಾವಳಿಯೊಳಗ ಕೊಟ್ಟುಬಿಡೂಣು." ಅವನ ಲೆಕ್ಕ ತಪ್ಪಲ್ಲ. ತಿಂಗಳಿಗೆ ಮೀಟರಿನ ಪ್ರಕಾರ ಒಂದೂವರೆ ಸಾವಿರ ಕಿ.ಮೀ. ಓಡಾಟ ನನ್ನದು. ಕುಷ್ಟಗಿ, ಯಲಬುರ್ಗಾದ ಬೀಜೋತ್ಪಾದನೆ ಹೊಲಗಳು, ಗಂಗಾವತಿಯ ವಹಿವಾಟು ಎಲ್ಲ ಸೇರಿ. ಆದರೆ ಎರಡು ತಾಸು ಮಳೆ ಬಿದ್ದ ಎರೆ ಹೊಲದ ದಾರಿಗೆ ಬೇರೆ ಯಾವ ಗಾಡಿ ಇಳಿಯುತ್ತದೆ? ಬೈಕಿನ ಮಡ್‌ಗಾರ್ಡಿಗೆ ಮಣ್ಣು ಮೆತ್ತಿ ಗಾಲಿಯೇ ತಿರುಗುವುದಿಲ್ಲ. ಹೆಣ್ಣು ಸಾಲು, ಗಂಡು ಸಾಲು ನಾಟಿ ಮಾಡುವ ದಿನ ನಾನು ಹೊಲದಲ್ಲಿ ಇರಲೇಬೇಕು. ಸಾಲು ಅದಲುಬದಲಾದರೆ ರೈತನ ಇಡೀ ಹಂಗಾಮು ಹೋಯಿತು.

ಜೀಪು ಅಪ್ಪನದು. 1991ರ ಮಹೀಂದ್ರ ಎಂಎಂ 540. ಪ್ಯೂಜೋ ಮೂಲದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿ. ನಂಬರ್ ಪ್ಲೇಟಿನಲ್ಲಿ ಈಗಲೂ ರಾಯಚೂರಿನ ಕೆಎ-36. ಅವನು ಕೊಂಡಾಗ ಕೊಪ್ಪಳ ರಾಯಚೂರು ಜಿಲ್ಲೆಯ ತಾಲ್ಲೂಕು, ಜಿಲ್ಲೆಯಾದದ್ದು 1997ರಲ್ಲಿ. ರಾತ್ರಿ ಕಪಾಟಿನಿಂದ ಅವನ ಉದ್ದನೆಯ ಖಾತೆ ಪುಸ್ತಕ ತೆಗೆದೆ. 1995ರ ಪುಟಗಳಲ್ಲಿ ಪ್ರತಿ ಸಲ ತುಂಬಿಸಿದ ಡೀಸೆಲ್, ಓಡಿದ ದೂರ, ಕೊನೆಯ ಕಲಮಿನಲ್ಲಿ ಸರಾಸರಿ: 12, 11.8, 12.4. ಅದೇ ಎಂಜಿನ್, ಅದೇ ಜೀಪು. ಹಾಗಿದ್ದರೆ ಉಳಿದ ನಾಲ್ಕು ಕಿಲೋಮೀಟರ್ ಎಲ್ಲಿ ಸೋರುತ್ತಿದೆ? ಮಾರುವ ಮಾತು ಅದನ್ನು ಹುಡುಕಿದ ಮೇಲೆ.

ಒಂದು ಸಲಕ್ಕೆ ಒಂದೇ ರಿಪೇರಿ, ಆಮೇಲೆ ಅದೇ ಪಂಪಿನಲ್ಲಿ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ. ಎಲ್ಲ ಒಟ್ಟಿಗೆ ಮಾಡಿಸಿದರೆ ಯಾವುದು ಕೊಟ್ಟಿತೆಂದು ತಿಳಿಯುವುದಿಲ್ಲ.

ಕುಷ್ಟಗಿ, 23 ಜೂನ್, ಭಾನುವಾರ

ಮೀಟರನ್ನೇ ಮೊದಲು ಪರೀಕ್ಷೆ ಮಾಡಿದೆ. ಕುಷ್ಟಗಿ ದಾಟಿ ಹೊಸಪೇಟೆ ಕಡೆಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಿಲೋಮೀಟರ್ ಕಲ್ಲು ಎಣಿಸುತ್ತ ಹೋದೆ. ಇಪ್ಪತ್ತು ಕಲ್ಲು ಕಳೆದಾಗ ಮೀಟರು ತೋರಿಸಿದ್ದು 18.2.

ಕಾರಣ ಟೈರು. ಅಪ್ಪನ ಕಾಲದಲ್ಲಿ ಇದ್ದದ್ದು 6.00-16. ಮೂರು ವರ್ಷದ ಕೆಳಗೆ ತಮ್ಮ ಹಾಕಿಸಿದ್ದು 7.50-16. ಎತ್ತರ ಸುಮಾರು 73 ಸೆಂಟಿಮೀಟರಿನಿಂದ 80ಕ್ಕೆ ಏರಿದೆ. ಗಾಲಿ ಒಂದು ಸುತ್ತಿಗೆ ಹೆಚ್ಚು ನೆಲ ದಾಟುತ್ತದೆ, ಮೀಟರಿನ ಕೇಬಲ್ ಮಾತ್ರ ಹಳೆಯ ಸುತ್ತನ್ನೇ ಎಣಿಸುತ್ತದೆ. ಅಂದರೆ ಆ 312 ನಿಜಕ್ಕೆ 343. ಸರಾಸರಿ ಎಂಟಲ್ಲ, 8.8. ಇದರಿಂದ ಒಂದು ಹನಿ ಡೀಸೆಲ್ಲೂ ಉಳಿಯಲಿಲ್ಲ, ಆದರೆ ಇನ್ನು ಮುಂದಿನ ಲೆಕ್ಕಕ್ಕೆ ನೆಲೆ ಸಿಕ್ಕಿತು. ಮೀಟರಿನ ಅಂಕಿಯನ್ನು 1.1ರಿಂದ ಗುಣಿಸಬೇಕು ಎಂದು ಡ್ಯಾಶ್‌ಬೋರ್ಡಿನ ಮೇಲೆ ಚೀಟಿ ಅಂಟಿಸಿದ್ದೇನೆ.

27 ಜೂನ್, ಗುರುವಾರ. ಆರಿದ್ರ

ತಾವರಗೇರಾ ಕಡೆ ಹೊಲಕ್ಕೆ ಇಳಿಯುವ ಮುಂಚೆ ಎಂದಿನಂತೆ ಗಾಳಿ ಹದಿನೆಂಟು ಪಿಎಸ್‌ಐಗೆ ಇಳಿಸಿದೆ. ಟೈರು ಅಗಲವಾಗಿ ಕೂತರೆ ಎರೆ ಮಣ್ಣಿನಲ್ಲಿ ಹೂತುಹೋಗುವುದಿಲ್ಲ. ಹೊರಗೆ ಬಂದು ಡಾಂಬರು ರಸ್ತೆ ಹಿಡಿದ ಮೇಲೆ ಮತ್ತೆ ತುಂಬಿಸುವುದು ಎಲ್ಲಿ? ಹಳ್ಳಿಯ ಪಂಕ್ಚರ್ ಅಂಗಡಿ ಮುಚ್ಚಿತ್ತು. ಹೀಗೇ ಎಷ್ಟು ನೂರು ಕಿಲೋಮೀಟರ್ ಅರ್ಧ ಗಾಳಿಯಲ್ಲಿ ಓಡಿಸಿದ್ದೇನೋ! ಸಡಿಲ ಟೈರು ಪ್ರತಿ ಸುತ್ತಿಗೂ ಕುಗ್ಗಿ ಹಿಗ್ಗುತ್ತದೆ. ಆ ಕುಗ್ಗುವಿಕೆಗೆಲ್ಲ ಡೀಸೆಲ್ಲೇ ಕೂಲಿ ಕೊಡಬೇಕು. ಕುಷ್ಟಗಿಯಲ್ಲಿ ಕಾಲಿನಿಂದ ತುಳಿಯುವ ಪಂಪು, ಗಾಳಿ ಅಳೆಯುವ ಗೇಜು ಎರಡೂ ಕೊಂಡೆ. ನಾಲ್ಕು ಗಾಲಿಗೆ ಮೂವತ್ತು ಪಿಎಸ್‌ಐ ತುಳಿಯುವಷ್ಟರಲ್ಲಿ ತೊಡೆ ಸೋತು ಬಂದವು.

2 ಜುಲೈ, ಮಂಗಳವಾರ

ಬರೀ ಗಾಳಿಯಿಂದ 9.2.

ಇಂದು ಕುಷ್ಟಗಿಯಿಂದ ವಾಪಸ್ ಬಂದೊಡನೆ ಇಳಿದು ಒಂದೊಂದು ಗಾಲಿಯ ನಡುವಿನ ಹಬ್ಬಿಗೆ ಅಂಗೈ ತಾಗಿಸಿ ನೋಡಿದೆ. ಅಪ್ಪ ಹೀಗೆ ಮಾಡುತ್ತಿದ್ದ. ಆಗ ಅದು ಎತ್ತಿನ ಬೆನ್ನು ತಟ್ಟಿದ ಹಾಗೆ ಕಾಣುತ್ತಿತ್ತು. ಮೂರು ಬೆಚ್ಚಗಿದ್ದವು. ಮುಂದಿನ ಬಲಗಾಲಿಯ ಮೇಲೆ ಕೈ ನಿಲ್ಲಲಿಲ್ಲ. ಜಾಕ್ ಏರಿಸಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿದೆ. ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಂಡೇ ಇತ್ತು. ಬ್ರೇಕ್ ಹಾಕಿಕೊಂಡೇ ನಾಲ್ಕು ತಾಲ್ಲೂಕು ತಿರುಗಿದ್ದೇನೆ.

ಅದನ್ನು ನೋಡುವಾಗಲೇ ಇನ್ನೊಂದು ಕಂಡಿತು. ಮುಂದಿನ ಗಾಲಿಗಳ ಫ್ರೀವೀಲ್ ಹಬ್ಬು ಎರಡೂ ಲಾಕಿನಲ್ಲೇ ಕಚ್ಚಿ ನಿಂತಿವೆ. ಒಳಗೆ ಲಿವರ್ ಟೂ-ವೀಲಿನಲ್ಲಿದ್ದರೂ ಹಬ್ಬು ಲಾಕಾಗಿದ್ದರೆ ಮುಂದಿನ ಆಕ್ಸಲ್, ಕ್ರೌನು, ಪ್ರೊಪೆಲ್ಲರ್ ಶಾಫ್ಟು ಎಲ್ಲ ಸುಮ್ಮನೆ ತಿರುಗುತ್ತಿರುತ್ತವೆ. ಕೆಲಸವಿಲ್ಲ, ದಣಿವು ಮಾತ್ರ. ಬ್ರೇಕ್ ಸರಿ ಮಾಡಿಸಿದೆ, ಹಬ್ಬುಗಳನ್ನು ಬಿಚ್ಚಿಸಿ ತೊಳೆದು ಹೊಸ ಗ್ರೀಸು ಹಾಕಿಸಿದೆ. ಈಗ ಬೆರಳಿನಿಂದ ತಿರುಗುತ್ತವೆ.

ಗಂಗಾವತಿ, 9 ಜುಲೈ, ಮಂಗಳವಾರ

9.9. ಇದರಲ್ಲಿ ಹಬ್ಬಿನ ಪಾಲೆಷ್ಟು, ಬ್ರೇಕಿನ ಪಾಲೆಷ್ಟು ಎಂದು ಬೇರೆ ಮಾಡಲಾಗದು. ನನ್ನ ನಿಯಮ ನಾನೇ ಮುರಿದೆ. ಹೆಚ್ಚು ಪಾಲು ಬ್ರೇಕಿನದೇ ಎಂಬುದು ನನ್ನ ಅಂದಾಜು.

ರಾಯಚೂರು ರಸ್ತೆಯ ಚಾಚಾನ ಗ್ಯಾರೇಜಿಗೆ ಹೋದೆ. ಅಪ್ಪನ ಜೀಪು ಹೊಸದಾಗಿದ್ದಾಗಿನಿಂದ ಅವನಿಗೆ ಗೊತ್ತು. ಟೆಂಪರೇಚರ್ ಮುಳ್ಳು ಯಾವಾಗಲೂ ಕೆಳಗೇ ಇರುತ್ತದೆ, ಒಳ್ಳೆಯದೇ ಅಲ್ಲವೇ ಎಂದು ಕೇಳಿದೆ. ಚಾಚಾ ನನ್ನ ಮುಖ ನೋಡಿ ರೇಡಿಯೇಟರಿನ ಮೇಲಿನ ಪೈಪು ಕಳಚಿದ. ಒಳಗೆ ಥರ್ಮೋಸ್ಟಾಟ್ ಇಲ್ಲವೇ ಇಲ್ಲ.

"ನೋಡವಾ ಮಗಳ, ನಮ್ಮ ಕಡೆ ಬಿಸಲು ಭಾಳ ಅಂತ ಎಲ್ಲಾರೂ ಇದನ್ನ ತಗದ ಒಗೀತಾರ. ಎಂಜಿನ್ ಕಾಯಬಾರದು ಅಂತ. ಕಾಯಲಿಲ್ಲಂದ್ರ ಎಂಜಿನ್‌ಗೆ ಜೀರ್ಣಾನ ಆಗೂದಿಲ್ಲ."

ಎಷ್ಟು ಸರಿಯಾದ ಮಾತು. ಎಂಜಿನ್ ತನ್ನ ಶಾಖಕ್ಕೆ ಬರುವವರೆಗೆ ಆಯಿಲ್ ದಪ್ಪ, ಒಳಗಿನ ತಿಕ್ಕಾಟ ಹೆಚ್ಚು, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ನೀರು 80 ಡಿಗ್ರಿ ದಾಟುವವರೆಗೆ ರೇಡಿಯೇಟರಿಗೆ ಹೋಗದ ಹಾಗೆ ತಡೆಯುವುದೇ ಆ ಪುಟ್ಟ ವಾಲ್ವಿನ ಕೆಲಸ. ಅದಿಲ್ಲದ ನನ್ನ ಜೀಪು ವರ್ಷಗಟ್ಟಲೆ ಅರೆಬೆಚ್ಚಗೆ ಓಡಿದೆ. ಕಾಯುವ ಗಾಡಿಗೆ ಮದ್ದು ರೇಡಿಯೇಟರ್ ತೊಳೆಸುವುದು, ಫ್ಯಾನ್ ಬೆಲ್ಟ್ ಬಿಗಿ ಮಾಡುವುದು. ಬಯಲುಸೀಮೆಯ ಗ್ಯಾರೇಜುಗಳಲ್ಲಿ ಬೇರೂರಿರುವ ಈ ಒಂದು ರೂಢಿ ಎಷ್ಟು ಟ್ರ್ಯಾಕ್ಸು, ಎಷ್ಟು ಜೀಪುಗಳ ಡೀಸೆಲ್ ಕುಡಿದಿರಬೇಡ!

ಚಾಚಾ ಹೊಸ ಥರ್ಮೋಸ್ಟಾಟ್ ಕೂರಿಸಿದ. ಏರ್ ಫಿಲ್ಟರ್ ಬಿಚ್ಚಿದರೆ ಕೆಳಗಿನ ಬಟ್ಟಲಿನಲ್ಲಿ ಆಯಿಲ್ ಇರಲಿಲ್ಲ, ರಾಡಿ ಇತ್ತು. ಗಿಣಿಗೇರಿ ಹತ್ತಿರ ಲಾರಿಗಳ ಹಿಂದೆ ಹಿಡಿದ ಧೂಳು, ಕುಷ್ಟಗಿ ದಾರಿಯ ಧೂಳು, ಎಲ್ಲ ಅಲ್ಲಿದೆ. ಸೀಮೆಎಣ್ಣೆಯಲ್ಲಿ ತೊಳೆದು ಗೆರೆಯವರೆಗೆ ಹೊಸ ಆಯಿಲ್ ಹುಯ್ದ. ಧೂಳಿನ ಹಂಗಾಮಿನಲ್ಲಿ ಹದಿನೈದು ದಿನಕ್ಕೊಮ್ಮೆ ನಾನೇ ತೊಳೆಯಬೇಕು.

ಗ್ಯಾರೇಜಿಗೆ ಬಂದಿದ್ದ ಒಬ್ಬರು ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಎರಡು ಕಿಲೋಮೀಟರ್ ಏರುತ್ತದೆ ಎಂದರು. ಚಾಚಾ ತಲೆ ಆಡಿಸಿ ಬೇಡ ಅಂದ. ನಾನೂ ಬೇಡ ಅಂದೆ.

ಯಲಬುರ್ಗಾ, 15 ಜುಲೈ, ಸೋಮವಾರ

ಇಡೀ ದಿನ ಗಾಳಿ. ಕುಕನೂರಿನ ಆಚೆ ಗಾಳಿಯಂತ್ರಗಳು ನಿಲ್ಲದೆ ತಿರುಗುತ್ತಿದ್ದವು. ಪಶ್ಚಿಮಕ್ಕೆ ಮುಖ ಮಾಡಿದಾಗ ನಾಲ್ಕನೇ ಗೇರಿನಲ್ಲಿ ಐವತ್ತು ದಾಟಲಿಕ್ಕೂ ಜೀಪು ಹೆಣಗಿತು, ಮೂರಕ್ಕೆ ಇಳಿಸಬೇಕಾಯಿತು. ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುವಾಗ ಆಕ್ಸಿಲರೇಟರಿನ ಮೇಲೆ ಕಾಲಿನ ತೂಕವೇ ಸಾಕು. ಗೋಡೆಯಂತೆ ನೆಟ್ಟಗೆ ನಿಂತ ಗಾಜು, ಚಪ್ಪಟೆ ಮೂತಿ, ಪಟಪಟ ಬಡಿಯುವ ಕ್ಯಾನ್ವಾಸ್ ಹುಡ್ಡು: ಈ ಗಾಡಿಗೆ ಗಾಳಿಯೇ ದೊಡ್ಡ ಏರು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಹುಡ್ಡಿನ ಹಗ್ಗ ಬಿಗಿ ಮಾಡಿದೆ. ಮೇಲಿನ ಖಾಲಿ ಕ್ಯಾರಿಯರ್ ಇಳಿಸಿ ಮನೆಯಲ್ಲಿಟ್ಟೆ.

ನನ್ನ ವೇಗಕ್ಕೂ ಕಡಿವಾಣ ಬೇಕು. ಈ ಗೇರ್‌ಬಾಕ್ಸಿನಲ್ಲಿ ಓವರ್‌ಡ್ರೈವ್ ಇಲ್ಲ. ನಾಲ್ಕನೇ ಗೇರೆಂದರೆ ನೇರ ಗೇರು. ಹಿಂದಿನ ಆಕ್ಸಲಿನ ಕ್ರೌನಿಗೆ 43 ಹಲ್ಲು, ಪಿನಿಯನ್‌ಗೆ 8. ಲೆಕ್ಕ ಹಾಕಿದರೆ ಅರವತ್ತರ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2200 ಸುತ್ತು, ಎಂಬತ್ತಕ್ಕೆ 2900. ಹಲ್ಲು ಬದಲಿಸಿ 39ಕ್ಕೆ 8 ಹಾಕಿಸಿದರೆ ಹೇಗೆ ಎಂದು ಚಾಚಾನನ್ನು ಫೋನಿನಲ್ಲಿ ಕೇಳಿದೆ. "ಮುಂದಿಂದೂ ಹಿಂದಿಂದೂ ಎರಡೂ ಬದಲಿಸ್ಬೇಕವಾ, ಇಲ್ಲಾಂದ್ರ ಫೋರ್ ವೀಲ್ ಹಾಕಿದಾಗ ಒಂದಕ್ಕೊಂದು ಜಗಳ ಆಡ್ತಾವ. ಮ್ಯಾಲ ಕೆಸರಿನ್ಯಾಗ ಎಳಿಯೋ ತಾಕತ್ತು ಕಮ್ಮಿ ಆಕ್ಕತಿ." ಆ ತಾಕತ್ತಿಗಾಗಿಯೇ ಅಲ್ಲವೇ ಈ ಜೀಪು? ಹಲ್ಲಿನ ಮಾತು ಬಿಟ್ಟೆ. ಐವತ್ತೈದು ದಾಟುವುದಿಲ್ಲ ಎಂದು ಬರೆದಿಟ್ಟಿದ್ದೇನೆ; ಕುಷ್ಟಗಿಗೆ ಹತ್ತು ನಿಮಿಷ ಮುಂಚೆ ಹೊರಟರಾಯಿತು.

24 ಜುಲೈ, ಬುಧವಾರ

10.4ಕ್ಕೆ ನಿಂತಿತ್ತು. ಹೊಗೆ ಮಾತ್ರ ಇನ್ನೂ ಕಪ್ಪು. ಕಪ್ಪು ಹೊಗೆಯೆಂದರೆ ಉರಿಯದೆ ಹೋದ ಡೀಸೆಲ್, ನನ್ನ ದುಡ್ಡು.

ನಾಲ್ಕೂ ನಾಜಲ್ ಬಿಚ್ಚಿ ಟೆಸ್ಟಿಂಗ್ ಸ್ಟ್ಯಾಂಡಿಗೆ ಹಾಕಿದರು. ಎರಡು ಮಂಜಿನಂತೆ ಚಿಮ್ಮಿದವು. ಒಂದು ದಾರದಂತೆ ಗೆರೆ ಬಿಟ್ಟಿತು. ನಾಲ್ಕನೆಯದು ಒತ್ತಡ ಏರುವ ಮುಂಚೆಯೇ ತುದಿಯಲ್ಲಿ ಹನಿಯುತ್ತಿತ್ತು. ನನಗೆ ನಮ್ಮ ಡ್ರಿಪ್ ಪೈಪುಗಳ ನೆನಪಾಯಿತು. ಒಂದು ತೂತು ಕೆಟ್ಟರೂ ಇಡೀ ಸಾಲಿನ ನೀರಿನ ಲೆಕ್ಕ ತಪ್ಪುತ್ತದೆ. ಹಿಂದೆ ಒಂದು ಕಡೆ ಸರ್ವಿಸ್ ಮಾಡಿಸಿದಾಗ "ನಾಜಲ್ ನೋಡೀವಿ" ಎಂದು ಬಿಲ್ಲಿನಲ್ಲಿ ಬರೆದುಕೊಟ್ಟಿದ್ದರು. ಇನ್ನು ಮೇಲೆ ಎದುರಿಗೆ ನಿಂತು ನೋಡದೆ ದುಡ್ಡು ಕೊಡುವುದಿಲ್ಲ. ನಾಲ್ಕಕ್ಕೂ ಹೊಸ ನಾಜಲ್, ಒತ್ತಡ ಒಂದೇ ಸಮ. ಟ್ಯಾಪೆಟ್ ಕೂಡ ಸೆಟ್ ಮಾಡಿದರು. ಇಂಜೆಕ್ಷನ್ ಪಂಪಿನ ಸೀಲು ಮುಟ್ಟಬೇಡಿ ಎಂದು ನಾನೇ ಹೇಳಿದೆ. ಡೀಸೆಲ್ ಕಡಿಮೆ ಮಾಡಿಸಿದರೆ ಕೆಸರಿನಲ್ಲಿ ಎಂಜಿನ್ ಬಂದ್ ಬೀಳುತ್ತದೆ, ಮತ್ತೆ ಮೊದಲನೇ ಗೇರಿನಲ್ಲಿ ಅದಕ್ಕೂ ಹೆಚ್ಚು ಸುರಿಯಬೇಕು.

30 ಜುಲೈ, ಮಂಗಳವಾರ

ಇಟಗಿ ಕ್ರಾಸಿನಲ್ಲಿ ರೈತರೊಬ್ಬರಿಗಾಗಿ ಕಾಯುತ್ತ ಎಂಜಿನ್ ಚಾಲೂ ಬಿಟ್ಟೇ ಇಪ್ಪತ್ತೈದು ನಿಮಿಷ ನಿಂತೆ. ಅವರೇ ಬಂದು ಕೇಳಿದರು: "ಯಾಕ್ರೀ ಅಕ್ಕಾರ, ಗಾಡಿ ಬಂದ್ ಮಾಡ್ಬಾರದೇನ್ರಿ?" ಬಂದ್ ಮಾಡಿದರೆ ಮತ್ತೆ ಶುರುವಾಗುವ ಭರವಸೆ ಇಲ್ಲ, ಹೀಟರ್ ಪ್ಲಗ್ಗು ಎರಡು ಸತ್ತಿವೆ, ಬ್ಯಾಟರಿ ಸೋತಿದೆ. ದಿನಕ್ಕೆ ಒಂದು ತಾಸಾದರೂ ನಿಂತಲ್ಲೇ ಉರಿಸುತ್ತಿದ್ದೇನೆ. ಅದು ಓಡಿದ ದೂರಕ್ಕೆ ಒಂದಡಿಯನ್ನೂ ಸೇರಿಸದ ಡೀಸೆಲ್. ನಾಳೆಯೇ ಪ್ಲಗ್ಗು, ಬ್ಯಾಟರಿ.

11 ಆಗಸ್ಟ್, ಭಾನುವಾರ. ಆಶ್ಲೇಷ

ನಿನ್ನೆ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಸರಪಳಿ ಕಿತ್ತು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದ್ದಾರೆ. ತುಂಬಿದ ಡ್ಯಾಮು ಬರಿದಾಗುವುದನ್ನು ಸುಮ್ಮನೆ ನೋಡಬೇಕು. ಬೆಳಿಗ್ಗೆಯಿಂದ ಮುನಿರಾಬಾದ್, ಗಂಗಾವತಿ, ಮತ್ತೆ ಕೊಪ್ಪಳ ಓಡಾಡಿದೆ. ಎಡದಂಡೆ ಕಾಲುವೆಯ ಕೆಳಗೆ ಭತ್ತ ಹಚ್ಚಿದವರ ಮುಖ ನೋಡಲಾಗಲಿಲ್ಲ. ಇಂದು ಲೆಕ್ಕ ಬರೆಯಲಿಲ್ಲ.

18 ಆಗಸ್ಟ್, ಭಾನುವಾರ

ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಗೇಟಿನ ಬಾಯಿ ಮುಚ್ಚಿದರು. ಕ್ರೇನಿನಿಂದ ಒಂದೊಂದೇ ಹಲಗೆ ಕೂರಿಸಿದ ಆ ಎಂಜಿನಿಯರುಗಳಿಗೆ, ಕೆಲಸಗಾರರಿಗೆ ಈ ಭಾಗದ ಪ್ರತಿ ಮನೆಯೂ ಋಣಿ. ಊರಿಗೆ ಉಸಿರು ಬಂದಂತಾಯಿತು.

25 ಆಗಸ್ಟ್, ಭಾನುವಾರ

ಮೂರು ಟ್ಯಾಂಕುಗಳ ಸರಾಸರಿ 11.6.

ನಿಜವಾದ ದೂರ ತಿಂಗಳಿಗೆ 1650 ಕಿ.ಮೀ. ಎಂದು ಹಿಡಿದರೆ 8.8ಕ್ಕೆ 187 ಲೀಟರ್ ಬೇಕಿತ್ತು, ಈಗ 142. ನಲವತ್ತೈದು ಲೀಟರ್, ಅಂದರೆ ಸುಮಾರು ನಾಲ್ಕು ಸಾವಿರ ರೂಪಾಯಿ. ಬ್ಯಾಟರಿ ಬಿಟ್ಟು ಉಳಿದದ್ದಕ್ಕೆಲ್ಲ ಖರ್ಚಾದದ್ದು 9,400. ಅಪ್ಪನ 12 ಮುಟ್ಟಿಲ್ಲ. ಅವನ ಸಣ್ಣ ಟೈರಿಗೆ ಮರಳಿದರೆ ಮುಟ್ಟಬಹುದೇನೋ. ಆದರೆ ಇರುವ ಟೈರು ಸವೆಯುವ ತನಕ ಬದಲಿಸುವುದು ಉಳಿತಾಯವಲ್ಲ.

ತಮ್ಮನಿಗೆ ಖಾತೆ ಪುಸ್ತಕ ತೋರಿಸಿದೆ. 1995ರ ಪುಟವನ್ನೂ ನನ್ನ ಪುಟವನ್ನೂ ಬಹಳ ಹೊತ್ತು ನೋಡಿದ. "ಅಪ್ಪ ಗ್ರೀಸಿನ ತಾರೀಕನೂ ಬರದಾನಲ್ಲ" ಅಂದ. ಮಾರುವ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಥರ್ಮೋಸ್ಟಾಟಿನ ಪ್ಯಾಕಿಂಗಿನಲ್ಲಿ ನೀರು ಜಿನುಗುತ್ತಿದೆ, ಮುಂದಿನ ಸಲ ಗಂಗಾವತಿಗೆ ಹೋದಾಗ ಚಾಚಾನಿಗೆ ತೋರಿಸಬೇಕು. ನಾಳೆ ಹನುಮಸಾಗರ ಕಡೆ ಬೀಜದ ಹೊಲದಲ್ಲಿ ಹೆಣ್ಣು-ಗಂಡು ಸಾಲಿನ ಕ್ರಾಸಿಂಗ್ ಶುರು, ನಸುಕಿನ ನಾಲ್ಕಕ್ಕೆ ಹೊರಡಬೇಕು. ತುಳಿಯುವ ಪಂಪು ಹಿಂದಿನ ಸೀಟಿನ ಕೆಳಗಿದೆ.